ಭಾವ ಎಳೆದ ಕೆಂಪು ಗೆರೆ

ನನ್ನ ಗಂಡನ ಅಣ್ಣನನ್ನು ಹೆಸರು ಹಿಡಿದು ಕರೆಯುವವರು ಈಗ ಯಾರೂ ಉಳಿದಿಲ್ಲ. ಕಾರು ರೇಸಿನವರಿಗೆಲ್ಲ ಅವರು ಗೆರೆ ಮೇಸ್ತ್ರಿ. ನನಗೆ ಭಾವ. ಇಲ್ಲಿ ಕೊನೆಯವರೆಗೂ ಅವರನ್ನು ಬಹುವಚನದಲ್ಲೇ ಕರೆಯುತ್ತೇನೆ. ಅದು ನಾಲಿಗೆಗೆ ಅಂಟಿದ ಅಭ್ಯಾಸ, ಮರ್ಯಾದೆ ಅಂತ ಯಾರೂ ತಪ್ಪು ತಿಳಿಯಬೇಡಿ.

ತರಕಾರಿ ತರಲು, ಮಕ್ಕಳನ್ನು ಶಾಲೆಗೆ ಬಿಡಲು ಅಂತ ಕಂಪನಿಯವರು ಮಾಡಿದ ಕಾರಿನ ಎಂಜಿನ್ನನ್ನು ಬಿಚ್ಚಿ, ರೇಸಿನಲ್ಲಿ ಕಿರುಚಿಕೊಂಡು ಓಡುವ ಹಾಗೆ ಮತ್ತೆ ಕಟ್ಟುವುದು ಅವರ ಕಸುಬು. ತಗಡಿನ ಶೆಡ್ಡು ಮುಂದೆ, ಅದರ ಬೆನ್ನಿಗೇ ಮನೆ. ನಮ್ಮ ಅಡುಗೆಮನೆಯ ಗೋಡೆಯ ಆಚೆಗೇ ಎಂಜಿನ್ ಪರೀಕ್ಷೆ ಮಾಡುವ ಜಾಗ. ಅಲ್ಲಿ ಎಂಜಿನ್ ಏರಿಸಿದರೆ ಇಲ್ಲಿ ತಟ್ಟೆ ಲೋಟ ಕುಣಿಯುತ್ತವೆ. ಮದುವೆಯಾಗಿ ಬಂದ ಹೊಸತರಲ್ಲಿ ನಾನು ಭೂಕಂಪ ಅಂತ ಹೆದರಿ, ಕೈಯಲ್ಲಿ ಸೌಟು ಹಿಡಿದುಕೊಂಡೇ ಬೀದಿಗೆ ಓಡಿದ್ದೆ. ಅದನ್ನು ಭಾವ ಆವತ್ತಿನಿಂದ ಇವತ್ತಿನವರೆಗೆ ಬಂದ ಗಿರಾಕಿಗಳಿಗೆಲ್ಲ ಹೇಳುತ್ತಾ ಬಂದಿದ್ದಾರೆ. ಒಬ್ಬರನ್ನು ನೋಡಿ ನಾಲ್ಕು ಜನ ನಗಬೇಕು. ಅಷ್ಟಾದರೆ ಅವರಿಗೆ ಊಟ ಸೇರುತ್ತದೆ.

ಗೆರೆ ಮೇಸ್ತ್ರಿ ಅಂತ ಹೆಸರು ಬಿದ್ದದ್ದು ಒಂದು ಪದ್ಧತಿಯಿಂದ. ಎಂಜಿನ್ ನಿಮಿಷಕ್ಕೆ ಎಷ್ಟು ಸಾವಿರ ಸುತ್ತು ತಿರುಗುತ್ತಿದೆ ಅಂತ ತೋರಿಸುವ ಗಡಿಯಾರದಂಥ ಮೀಟರು ಡ್ರೈವರಿನ ಕಣ್ಣ ಮುಂದೆ ಇರುತ್ತದೆ. ಕಟ್ಟಿ ಮುಗಿಸಿದ ಎಂಜಿನ್ನನ್ನು ಒಪ್ಪಿಸುವ ಮುಂಚೆ ಭಾವ ಆ ಮೀಟರಿನ ಗಾಜಿನ ಮೇಲೆ ಕೆಂಪು ನೇಲ್ ಪಾಲಿಶ್‌ನಿಂದ ಒಂದು ಗೆರೆ ಎಳೆಯುತ್ತಾರೆ. ಒಂದೇ ಎಳೆತ, ತಿದ್ದುವುದಿಲ್ಲ. ಮುಳ್ಳು ಆ ಗೆರೆ ಮುಟ್ಟುವ ತನಕ ಎಂಜಿನ್ ಅವರದು, ದಾಟಿದರೆ ಓಡಿಸುವವನದು. ಇಷ್ಟು ವರ್ಷದಲ್ಲಿ ಗೆರೆಯ ಒಳಗೆ ಓಡಿದ ಒಂದು ಎಂಜಿನ್ನೂ ಒಡೆದಿಲ್ಲ. ಅದಕ್ಕೇ ರೇಸಿನವರು ಅವರ ಗೆರೆಯನ್ನು ಕಣ್ಣಿಗೊತ್ತಿಕೊಳ್ಳುವುದೊಂದು ಬಾಕಿ.

ನೇಲ್ ಪಾಲಿಶ್ ನನ್ನ ಓರಗಿತ್ತಿಯದು, ಅಂದರೆ ನಾನು ಅಕ್ಕ ಅಂತ ಕರೆಯುವ ಭಾವನ ಹೆಂಡತಿಯದು. ಹೆಸರಿಗೆ ಅವಳದು. ತವರಿನಿಂದ ಬರುವಾಗ ತಂದ ಸೀಸೆಯನ್ನು ಅವರು ಮೊದಲ ವಾರವೇ ಶೆಡ್ಡಿಗೆ ಒಯ್ದರಂತೆ. ಆಮೇಲೆ ತಂದದ್ದೆಲ್ಲ ಶೆಡ್ಡಿಗೇ. ಒಮ್ಮೆ ಯಾವುದೋ ಮದುವೆಗೆ ಹೊರಟಾಗ ಅಕ್ಕ ಕಾಲಿನ ಉಗುರಿಗೆ ಹಚ್ಚಿಕೊಂಡಿದ್ದಳು. ಭಾವ ಗಿರಾಕಿಗಳ ಮುಂದೆಯೇ ಬಗ್ಗಿ ನೋಡಿ, "ಏನೇ, ನಿನ್ನ ಹೆಬ್ಬೆರಳು ಎಷ್ಟು ಸಾವಿರ ತಿರುಗುತ್ತೆ?" ಅಂದರು. ಶೆಡ್ಡೆಲ್ಲ ನಕ್ಕಿತು. ಅಕ್ಕ ಒಳಗೆ ಹೋಗಿ ಬ್ಲೇಡಿನಿಂದ ಕೆರೆದುಕೊಂಡು ಬಂದಳು.

ಗೆರೆಯನ್ನು ಎಲ್ಲಿ ಎಳೆಯಬೇಕು ಅನ್ನುವುದು ಎಂಜಿನ್ನಿನ ಹೊಟ್ಟೆಯೊಳಗಿನ ಅಳತೆಗಳ ಮೇಲೆ ನಿಂತ ವಿಷಯ. ನನಗೆ ಅರ್ಥವಾದಷ್ಟು ಹೇಳುತ್ತೇನೆ. ಪಿಸ್ಟನ್ ಅನ್ನುವುದು ಕೊಳವೆಯೊಳಗೆ ಮೇಲೆ ಕೆಳಗೆ ಓಡಾಡುವ ಲೋಹದ ಗುಂಡು ಬಟ್ಟಲು. ಕೆಳಗಿರುವ ಕ್ರ್ಯಾಂಕ್ ತಿರುಗಿದಾಗ ಅದಕ್ಕೆ ಸಿಕ್ಕಿಸಿದ ರಾಡು ಪಿಸ್ಟನ್ನನ್ನು ತಳ್ಳುತ್ತದೆ, ಎಳೆಯುತ್ತದೆ. ಪಿಸ್ಟನ್ ಓಡಾಡುವ ದೂರ ಗಿಡ್ಡವಾಗಿದ್ದರೆ ಎಂಜಿನ್ ಚಕಚಕನೆ ಸುತ್ತು ಏರುತ್ತದೆ, ಎತ್ತರದ ಸುತ್ತಿನಲ್ಲೂ ತಡೆದುಕೊಳ್ಳುತ್ತದೆ. ದೂರ ಉದ್ದವಾಗಿದ್ದರೆ ಕಡಿಮೆ ಸುತ್ತಿನಲ್ಲೇ ಒಳ್ಳೆಯ ಎಳೆತ ಸಿಗುತ್ತದೆ. ಆದರೆ ಅಷ್ಟೇ ಸಮಯದಲ್ಲಿ ಪಿಸ್ಟನ್ ಹೆಚ್ಚು ದೂರ ಓಡಿ, ತುದಿಯಲ್ಲಿ ಗಕ್ಕನೆ ನಿಂತು ತಿರುಗಬೇಕು. ಆ ತಿರುಗುವ ಹೊತ್ತಿನ ಸೆಳೆತವೇ ರಾಡನ್ನು ಹರಿಯುವುದು.

ನನ್ನ ಗಂಡ ಈ ಪಾಠವನ್ನು ಕಲಿತದ್ದು ಚಿಕ್ಕವರಿದ್ದಾಗ, ಅಣ್ಣನ ಕೈಯಿಂದಲೇ. ಭಾವ ತಮ್ಮನ ಅಂಗೈಯಲ್ಲಿ ಒಂದು ದಪ್ಪ ನಟ್ಟು ಇಟ್ಟು, ಮಣಿಕಟ್ಟು ಹಿಡಿದು ಬೆರಳಗಲದಷ್ಟೇ ಮೇಲೆ ಕೆಳಗೆ ಬೇಗಬೇಗ ಆಡಿಸಿದರಂತೆ. ನಟ್ಟು ಕೂತೇ ಇತ್ತು. "ಇದು ಗಿಡ್ಡ ಓಟ. ಈಗ ಉದ್ದ ಓಟ ನೋಡು," ಅಂತ ಅದೇ ವೇಗದಲ್ಲಿ ಗೇಣುದ್ದ ಆಡಿಸಿದರು. ನಟ್ಟು ಹಾರಿ ಇವರ ಹುಬ್ಬಿಗೆ ಬಡಿಯಿತು. ರಕ್ತ ಸುರಿಯುತ್ತಿದ್ದರೆ ಅಣ್ಣ ಹೊಟ್ಟೆ ಹಿಡಿದು ನಗುತ್ತಿದ್ದರಂತೆ. ಆ ಗಾಯದ ಗುರುತು ಇನ್ನೂ ಇದೆ. ಇವರು ಅದನ್ನು ಮುಟ್ಟಿಕೊಂಡು, "ಎಷ್ಟು ಚೆನ್ನಾಗಿ ಹೇಳಿಕೊಟ್ಟ ನೋಡು, ಜನ್ಮಕ್ಕೆ ಮರೆಯಲ್ಲ," ಅನ್ನುತ್ತಾರೆ. ಇಂಥವರ ಜೊತೆ ನಾನು ಬಾಳುತ್ತಿದ್ದೇನೆ.

ಶೆಡ್ಡಿನಲ್ಲಿ ಕೊಳವೆ ಕೊರೆಯುವುದು, ಲೇತಿನ ಕೆಲಸ, ತೂಕ ಹೊಂದಿಸುವುದು ಎಲ್ಲ ಇವರ ಕೈಕೆಲಸ. ಕೈ ಅಷ್ಟು ಹದ. ಭಾವ ಲೇತು ಮುಟ್ಟಿ ಎಷ್ಟೋ ಕಾಲವಾಗಿತ್ತು. ಆದರೆ ಯಾವ ಲೋಹ ಎಷ್ಟು ಸೆಳೆತ ತಡೆಯುತ್ತದೆ, ಯಾವ ಅಳತೆಗೆ ಯಾವ ಸುತ್ತು ಮಿತಿ ಅನ್ನುವುದು ಅವರ ತಲೆಯೊಳಗೇ ಇತ್ತು. ತಮ್ಮ ಕೇಳಿದರೆ, "ನಿನಗ್ಯಾಕೋ? ನೀನು ಕೊರಿ, ನಾನು ಗೆರೆ ಎಳೀತೀನಿ," ಅನ್ನುತ್ತಿದ್ದರು. ಶೆಡ್ಡಿನ ಬೋರ್ಡಿನಲ್ಲಿ ಅಣ್ಣ ಒಬ್ಬರದೇ ಹೆಸರು.

ಇವರಿಗೆ ಇದ್ದದ್ದು ಒಂದೇ ಆಸೆ: ತನ್ನದೇ ಒಂದು ಸಣ್ಣ ಶೆಡ್ಡು. ಅದಕ್ಕಾಗಿಯೇ ಹಳೆಯ ಕಾರೊಂದನ್ನು ತಂದು, ಶೆಡ್ಡಿನ ಕೆಲಸ ಮುಗಿದ ಮೇಲೆ ತನ್ನ ಲೆಕ್ಕದಲ್ಲಿ ಎಂಜಿನ್ ಕಟ್ಟಿ, ತಾನೇ ರೇಸಿನಲ್ಲಿ ಓಡಿಸಲು ಶುರು ಮಾಡಿದರು. ಗೆದ್ದರೆ ನಾಲ್ಕು ಜನಕ್ಕೆ ಗೊತ್ತಾಗುತ್ತದೆ, ಗೊತ್ತಾದರೆ ಕೆಲಸ ಬರುತ್ತದೆ. ಗಿಡ್ಡ ಓಟದ ಎಂಜಿನ್, ಅಗಲ ಕೊಳವೆ. ನೋಡಲೂ ಚೆಂದವಿತ್ತು. ಗೆರೆ ಎಳೆಯಲು ಅಣ್ಣನನ್ನೇ ಕರೆದರು. ಆ ಮನೆಯಲ್ಲಿ ಗೆರೆಯಿಲ್ಲದ ಎಂಜಿನ್ ಹೊರಗೆ ಹೋಗುವ ಹಾಗಿರಲಿಲ್ಲ. ಭಾವ ಏಳೂವರೆ ಸಾವಿರಕ್ಕೆ ಎಳೆದರು.

ಆ ಗೆರೆಯೊಳಗೆ ಓಡಿಸಿ ಇವರು ಪ್ರತಿ ಸಲ ಹಿಂದೆ ಬಿದ್ದರು. ಮುಂದೆ ಹೋದವೆಲ್ಲ ಭಾವನ ಗಿರಾಕಿಗಳ ಕಾರು. ಗಿರಾಕಿಗಳು ಬಂದು ನಿಂತಾಗ ಭಾವ, "ಎಂಜಿನ್ನಿಗೇನೂ ಆಗಿಲ್ಲ. ನಮ್ಮ ಹುಡುಗನಿಗೆ ಕಾಲು ನಡುಗುತ್ತೆ," ಅನ್ನುತ್ತಿದ್ದರು. ಹುಡುಗನಿಗೆ ಆಗಲೇ ಕಿವಿಯ ಮೇಲೆ ನರೆ ಬಂದಿತ್ತು.

ಒಂದು ರೇಸಿನಲ್ಲಿ ತಿರುವಿನ ಹತ್ತಿರ ಗೇರು ತಪ್ಪಿ ಬಿದ್ದು, ಎಂಜಿನ್ ಒಮ್ಮೆಲೇ ಎಂಟೂವರೆ ಸಾವಿರಕ್ಕೆ ಚಿಮ್ಮಿತು. ಇವರು ಜೀವ ಕೈಯಲ್ಲಿ ಹಿಡಿದುಕೊಂಡರು. ಏನೂ ಆಗಲಿಲ್ಲ. ಎಂಜಿನ್ ಹಾಯಾಗಿತ್ತು. ಮನೆಗೆ ಬಂದು ಬಿಚ್ಚಿ ನೋಡಿದರೆ ಬೇರಿಂಗ್ ಮೇಲೆ ಒಂದು ಗೀರೂ ಇಲ್ಲ. ಆಗ ಇವರಿಗೆ ಅರ್ಥವಾಯಿತು, ಅಣ್ಣ ತಮ್ಮನಿಗೆ ಅಂತಲೇ ಗೆರೆಯನ್ನು ಸಾವಿರ ಸುತ್ತು ಕೆಳಗೆ ಎಳೆದಿದ್ದಾರೆ ಅಂತ. "ಹೋಗಿ ಕೇಳ್ರೀ!" ಅಂದೆ. "ಬಿಡೇ, ಅಣ್ಣ ಅಲ್ವಾ," ಅಂದರು. ಎರಡನೇ ಎಂಜಿನ್ನಿಗೂ ಅದೇ ಆಟ. ಇವರು ಬಾಯಿ ಬಿಡಲಿಲ್ಲ. ಸುಮ್ಮನೆ ಗೆರೆಗೆ ಸಾವಿರ ಸೇರಿಸಿ ಓಡಿಸತೊಡಗಿದರು. ಮೂರನೇ ಸ್ಥಾನ ಬಂತು, ಆಮೇಲೆ ಎರಡನೇ ಸ್ಥಾನ ಬಂತು.

ಈಗ ಹೇಳುವುದನ್ನು ಗಮನವಿಟ್ಟು ಕೇಳಿ. ರೇಸಿನ ಮೀಟರಿನಲ್ಲಿ ಎರಡು ಮುಳ್ಳು. ಒಂದು ಎಂಜಿನ್ ಜೊತೆ ಏರಿ ಇಳಿಯುತ್ತದೆ. ಇನ್ನೊಂದು ಏರಿದ ಅತಿ ಎತ್ತರದಲ್ಲೇ ನಿಂತುಬಿಡುತ್ತದೆ, ಗುಂಡಿ ಒತ್ತುವ ತನಕ ಕೆಳಗೆ ಬರುವುದಿಲ್ಲ. ಎರಡನೇ ಸ್ಥಾನ ಬಂದ ದಿನ ಎಲ್ಲರೂ ಇವರ ಬೆನ್ನು ತಟ್ಟುತ್ತಿದ್ದಾಗ, ಭಾವ ಕಾರಿನೊಳಗೆ ತಲೆ ಹಾಕಿದ್ದನ್ನು ನಾನು ನೋಡಿದೆ. ನೀರಿನ ಬಾಟಲಿ ಎತ್ತಿಕೊಳ್ಳಲು ಆಚೆ ಬಾಗಿಲಿಗೆ ಹೋಗಿದ್ದೆ. ನಿಂತಿದ್ದ ಮುಳ್ಳು ಗೆರೆಯನ್ನು ಸರಿಯಾಗಿ ಸಾವಿರದಷ್ಟು ದಾಟಿತ್ತು. ಭಾವ ಗಾಜಿನ ಮೇಲೆ ಬೆರಳಿಟ್ಟು ಗೆರೆಯಿಂದ ಮುಳ್ಳಿನ ತನಕ ಅಳೆದರು. ನನ್ನನ್ನು ಕಂಡು ನಕ್ಕರು. ಆಮೇಲೆ ಗುಂಡಿ ಒತ್ತಿ ಮುಳ್ಳನ್ನು ಕೆಳಗಿಳಿಸಿ, ಹೊರಗೆ ಬಂದು ತಮ್ಮನಿಗೆ, "ಪರವಾಗಿಲ್ಲ ಕಣೋ," ಅಂದರು. ಬೈಯಲಿಲ್ಲ. ಗೆರೆ ದಾಟಿದ ಗಿರಾಕಿಯನ್ನು ಅಟ್ಟಿಸಿಕೊಂಡು ಹೋಗಿ ಬೈಯುವ ಮನುಷ್ಯ, ತಮ್ಮನಿಗೆ ಒಂದು ಮಾತೂ ಅನ್ನಲಿಲ್ಲ. ಇವರು ಅದನ್ನೇ ಹೊಗಳಿಕೆ ಅಂದುಕೊಂಡು ಉಬ್ಬಿದರು.

ಅದೇ ದಿನ ದೊಡ್ಡ ರೇಸ್ ತಂಡವೊಂದರ ಮ್ಯಾನೇಜರು ಇವರನ್ನು ಪಕ್ಕಕ್ಕೆ ಕರೆದು, ಭಾವನಿಗೂ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿದರು. "ವರ್ಷದ ಕೊನೇ ರೇಸು ಗೆದ್ದು ತೋರಿಸಿ. ನಮ್ಮ ಅಷ್ಟೂ ಕಾರಿನ ಎಂಜಿನ್ ಕೆಲಸ ನಿಮಗೇ. ನಮಗೆ ಕೆಲಸ ಮಾಡೋ ಕೈ ಬೇಕು ರೀ, ಬೋರ್ಡ್ ಬೇಡ." ಆ ತಂಡ ಅಲ್ಲಿಯವರೆಗೆ ಭಾವನ ಗಿರಾಕಿ. ಆ ತಂಡದಿಂದಲೇ ನಮ್ಮ ಶೆಡ್ಡು ಉಸಿರಾಡುತ್ತಿದ್ದದ್ದು. ಭಾವ ಬಗ್ಗಿ ಬೂಟಿನ ದಾರ ಕಟ್ಟಿಕೊಂಡರು.

ಕೊನೆಯ ರೇಸಿನ ಟ್ರ್ಯಾಕು ಬರೀ ತಿರುವುಗಳದ್ದು. ತಿರುವಿನಿಂದ ಹೊರಬರುವಾಗ ಕಡಿಮೆ ಸುತ್ತಿನಲ್ಲೇ ಎಳೆಯಬೇಕು. ಅದಕ್ಕೆ ಇವರು ಅದೇ ಕಂಪನಿಯ ದೊಡ್ಡ ಕಾರಿನ ಉದ್ದ ಓಟದ ಕ್ರ್ಯಾಂಕನ್ನು ತನ್ನ ಚಿಕ್ಕ ಎಂಜಿನ್ನಿಗೆ ಕೂರಿಸಿದರು. ಅದು ಕೂರುತ್ತದೆ, ಎಷ್ಟೋ ಜನ ಮಾಡಿದ್ದಾರೆ. ಆದರೆ ಎಂಜಿನ್ನಿನ ಎತ್ತರ ಇದ್ದಷ್ಟೇ ಇರುತ್ತದಲ್ಲ. ಕ್ರ್ಯಾಂಕಿನ ಸುತ್ತು ದೊಡ್ಡದಾದರೆ ಪಿಸ್ಟನ್ ತಲೆಯ ಮೇಲಿನ ವಾಲ್ವಿಗೆ ಬಡಿಯದ ಹಾಗೆ ರಾಡನ್ನು ಗಿಡ್ಡ ಮಾಡಬೇಕು. ಇವರು ಆ ದೊಡ್ಡ ಕಾರಿನದೇ ಗಿಡ್ಡ ರಾಡು ಹಾಕಿದರು.

ಭಾವ ಬಂದು ಎಲ್ಲ ನೋಡಿದರು. ರಾಡನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರು. ಹುಳುಕು ಹುಡುಕುವ ಬಾಯಿ ಆವತ್ತು ಮುಚ್ಚಿಕೊಂಡೇ ಇತ್ತು. ಪಾಲಿಶ್ ಸೀಸೆ ತರಿಸಿ, ಆರೂವರೆ ಸಾವಿರಕ್ಕೆ ಗೆರೆ ಎಳೆದರು.

"ಅಣ್ಣ, ನಿಜವಾಗಲೂ ಎಷ್ಟು ತಡೆಯುತ್ತೆ?" ಅಂತ ಇವರು ಕೇಳಿದರು. ತನ್ನ ಎಂಜಿನ್ನಿನ ಗೆರೆ ನಿಜವೇ ಅಂತ ಬಾಯಿಬಿಟ್ಟು ಕೇಳಿದ್ದು ಅದೇ ಮೊದಲು.

"ಗೆರೆ ಎಳೆದಿದ್ದೀನಲ್ಲ, ಕಣ್ಣು ಕಾಣಲ್ವಾ?" ಅಂದು ಭಾವ ಹೊರಟರು.

ಆವತ್ತು ಊಟಕ್ಕೆ ಕೂತಾಗ ಇವರು ನನಗೆ ಬೆರಳಿನಿಂದ ತಟ್ಟೆಯ ಅಂಚಿನ ಮೇಲೆ ಲೆಕ್ಕ ಬರೆದು ತೋರಿಸಿದರು. ಹಳೆಯ ಎಂಜಿನ್ ಎಂಟೂವರೆ ತಡೆದಿತ್ತು. ಪಿಸ್ಟನ್ ಓಡುವ ದೂರ ಇಷ್ಟು ಹೆಚ್ಚಿದರೆ, ಅದೇ ವೇಗ ಮೀರದಿರಲು ಸುತ್ತು ಇಷ್ಟು ಇಳಿಯಬೇಕು. ಏಳೂವರೆ ಬಂತು.

"ಲೆಕ್ಕ ಹೇಳೋದು ಏಳೂವರೆ. ಅಣ್ಣ ಎಳೆದಿದ್ದು ಆರೂವರೆ. ನೋಡಿದ್ಯಾ, ಅದೇ ಸಾವಿರ! ಅಣ್ಣ ಬದಲಾಗೋ ಆಸಾಮಿ ಅಲ್ಲ ಕಣೇ," ಅಂತ ಅನ್ನ ನೆತ್ತಿಗೇರುವಷ್ಟು ನಕ್ಕರು. ನಾನೂ ನಕ್ಕೆ.

ಲೆಕ್ಕ ತಪ್ಪಿರಲಿಲ್ಲ, ಅರ್ಧ ಇತ್ತು. ಇವರು ಓಟದ ಉದ್ದವನ್ನು ಹಿಡಿದಿದ್ದರು, ರಾಡಿನ ಗಿಡ್ಡತನವನ್ನು ಬಿಟ್ಟಿದ್ದರು. ರಾಡು ಗಿಡ್ಡವಾದಷ್ಟೂ ಪಕ್ಕಕ್ಕೆ ಹೆಚ್ಚು ವಾಲುತ್ತದೆ, ಕೊಳವೆಯ ಗೋಡೆಗೆ ಪಿಸ್ಟನ್ನನ್ನು ಒತ್ತುತ್ತದೆ, ಮೇಲಿನ ತುದಿಯಿಂದ ಅದನ್ನು ಇನ್ನೂ ಜೋರಾಗಿ ಕೆಳಗೆ ಸೆಳೆಯುತ್ತದೆ. ಒಟ್ಟು ವೇಗ ಅಷ್ಟೇ ಇದ್ದರೂ ತುದಿಯ ಸೆಳೆತ ಬೇರೆ. ದೊಡ್ಡ ಕಾರಿನ ರಾಡಿನ ಬೋಲ್ಟಿಗೆ ಅಷ್ಟು ತಡೆಯುವ ಶಕ್ತಿ ಇರಲಿಲ್ಲ. ಇದನ್ನೆಲ್ಲ ಕೂಡಿ ಕಳೆದು ಭಾವ ಎಳೆದದ್ದು ಆರೂವರೆ. ಆ ಗೆರೆಯಲ್ಲಿ ಎಳ್ಳಷ್ಟೂ ಸುಳ್ಳಿರಲಿಲ್ಲ. ಜೀವಮಾನದಲ್ಲಿ ಮೊದಲ ಸಲ ಅವರು ತಮ್ಮನಿಗೆ ನಿಜವಾದ ಗೆರೆ ಎಳೆದಿದ್ದರು. ತಮ್ಮ ಸಾವಿರ ಸೇರಿಸುತ್ತಾನೆ ಅಂತ ಬೆರಳಿಟ್ಟು ಅಳೆದು ಗೊತ್ತಿದ್ದೂ ಎಳೆದರು.

ಹಳೆಯ ವಿಮಾನ ನಿಲ್ದಾಣದ ರನ್‌ವೇ ಮೇಲೆ ಟೈರು ಜೋಡಿಸಿ ತಿರುವು ಮಾಡಿದ್ದ ಟ್ರ್ಯಾಕಿನಲ್ಲಿ ರೇಸು. ಇವರ ಕಾರು ತಿರುವುಗಳಲ್ಲೆಲ್ಲ ಮುಂದಿನವರನ್ನು ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ದಾಟಿ ಬಂತು. ಕೊನೆಯ ಸುತ್ತಿನಲ್ಲಿ ಮುಂದೆ ಉಳಿದದ್ದು ಭಾವನ ಗಿರಾಕಿಯ ಕಾರೊಂದೇ. ಉಳಿದ ದಾರಿ ನೇರ. ನಾನೂ ಅಕ್ಕನೂ ತಂತಿ ಬೇಲಿಗೆ ಮುಖ ಒತ್ತಿಕೊಂಡು ನಿಂತಿದ್ದೆವು. ಪಕ್ಕದಲ್ಲಿ ಭಾವ ಕೈಕಟ್ಟಿ ನಿಂತಿದ್ದರು. ಇವರ ಎಂಜಿನ್ನಿನ ಕೂಗು ಏರಿತು. ಎರಡು ಕಾರೂ ಸರಿಸಮ ಬಂದವು. ಕೂಗು ಇನ್ನೂ ಏರಿತು.

"ದಾಟಿದ," ಅಂದರು ಭಾವ.

ಕಾರು ದಾಟಿದ್ದಕ್ಕೆ ಅಂದರು ಅಂದುಕೊಂಡು ಅಕ್ಕ ಚಪ್ಪಾಳೆ ಹೊಡೆದಳು. ಅಷ್ಟರಲ್ಲಿ ಒಂದು ಸದ್ದು. ದೊಡ್ಡದೇನಲ್ಲ, ತಗಡಿನ ಮೇಲೆ ಸುತ್ತಿಗೆ ಬಿದ್ದಷ್ಟೇ. ರಾಡು ತುಂಡಾಗಿ ಎಂಜಿನ್ನಿನ ಗೋಡೆ ಸೀಳಿಕೊಂಡು ಹೊರಗೆ ಬಂದಿತ್ತು. ಸುಡುವ ಎಣ್ಣೆ ಚಕ್ರದಡಿ ಸುರಿದು ಕಾರು ಗಿರ್ರನೆ ತಿರುಗಿ ಮಗ್ಗುಲಾಗಿ ಬಿತ್ತು. ಹಾಗೇ ಜಾರಿಕೊಂಡು ಹೋಯಿತು. ಇವರ ಬಲಗೈ ಅದರಡಿ ಸಿಕ್ಕಿತ್ತು.

ಕೈ ಉಳಿಯಲಿಲ್ಲ. ಮೊಣಕೈಯಿಂದ ಕೆಳಗೆ ತೆಗೆದರು.

ಆಸ್ಪತ್ರೆಯ ಮೊಗಸಾಲೆಯಲ್ಲಿ ನಾನು ಗೋಡೆಗೆ ಒರಗಿ ಕೂತಿದ್ದಾಗ ಭಾವ ಬಂದರು. ಬಟ್ಟೆಯಲ್ಲಿ ಸುತ್ತಿದ ಗಂಟೊಂದು ಕೈಯಲ್ಲಿತ್ತು. ತಮ್ಮನನ್ನು ನೋಡಲು ಒಳಗೆ ಹೋಗಲಿಲ್ಲ, ನೋಡಲು ಬಂದಿದ್ದ ಆ ತಂಡದ ಮ್ಯಾನೇಜರ ಕಡೆ ಹೋದರು. ಗಂಟು ಬಿಚ್ಚಿದರೆ ಮೀಟರು. ಗಾಜಿಗೆ ಒಂದು ಬಿರುಕೂ ಬಿದ್ದಿರಲಿಲ್ಲ. "ನೋಡಿ ಸಾರ್. ನನ್ನ ಗೆರೆ ಇಲ್ಲಿ. ಇವನ ಮುಳ್ಳು ಅಲ್ಲಿ," ಅಂದರು. ಈ ಸಲ ಗುಂಡಿ ಒತ್ತಿರಲಿಲ್ಲ. ಮ್ಯಾನೇಜರು ಬಹಳ ಹೊತ್ತು ನೋಡಿ ತಲೆಯಾಡಿಸಿದರು. ತಂಡದ ಕೆಲಸ ಭಾವನ ಹತ್ತಿರವೇ ಉಳಿಯಿತು. ಅದು ಅಲ್ಲೇ, ನನ್ನ ಕಣ್ಣ ಮುಂದೆ, ಎರಡು ಮಾತಿನಲ್ಲಿ ತೀರ್ಮಾನವಾಯಿತು.

ಇವರಿಗೆ ಮಾತು ಬಂದ ಮೇಲೆ ನಾನು ಎಲ್ಲ ಹೇಳಿದೆ. ಭಾವ ಕಾರಿನೊಳಗೆ ತಲೆ ಹಾಕಿದ್ದು, ಬೆರಳಿಟ್ಟು ಅಳೆದದ್ದು, ಗುಂಡಿ ಒತ್ತಿದ್ದು. ಇವರು ಚಾವಣಿ ನೋಡುತ್ತಾ ಕೇಳಿಸಿಕೊಂಡರು. ಕಣ್ಣಲ್ಲಿ ನೀರು ಬಂತು. ಅಂತೂ ಈ ಮನುಷ್ಯನಿಗೆ ಬುದ್ಧಿ ಬಂತು ಅಂದುಕೊಂಡೆ.

"ಅಣ್ಣ ಮೊದಲನೇ ಸಲ ನನಗೆ ಸರಿಯಾದ ಗೆರೆ ಎಳೆದ ಕಣೇ," ಅಂದರು. "ನಾನೇ ನಂಬಲಿಲ್ಲ. ಅವನನ್ನ ಕೆಟ್ಟವನು ಅಂದುಕೊಂಡೆ."

ನನಗೆ ಆ ಹಾಸಿಗೆಯನ್ನೇ ಎತ್ತಿ ಬಿಸಾಡುವಷ್ಟು ಸಿಟ್ಟು ಬಂತು. ಹೊರಗೆ ಹೋಗಿ ನಲ್ಲಿ ಬಿಟ್ಟು ಮುಖ ತೊಳೆದುಕೊಂಡೆ.

ಮನೆಗೆ ಬಂದವಳೇ ನೇರ ಶೆಡ್ಡಿಗೆ ನುಗ್ಗಿದೆ. ಭಾವ ಹೊಸ ಪಿಸ್ಟನ್ನುಗಳನ್ನು ಒಂದೊಂದಾಗಿ ತಕ್ಕಡಿಗೆ ಹಾಕುತ್ತಿದ್ದರು. ಅಕ್ಕ ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

"ಎರಡನೇ ಸ್ಥಾನ ಬಂದ ದಿನ ನೀವು ಮುಳ್ಳು ನೋಡಿದ್ರಿ," ಅಂದೆ.

"ನೋಡಿದ್ದೆ."

"ಅವರು ಸಾವಿರ ಸೇರಿಸಿ ಓಡಿಸ್ತಾರೆ ಅಂತ ನಿಮಗೆ ಗೊತ್ತಿತ್ತು."

"ಗೊತ್ತಿತ್ತು." ತಕ್ಕಡಿಯಿಂದ ಕಣ್ಣೆತ್ತಲಿಲ್ಲ.

"ಒಂದು ಮಾತು ಹೇಳೋಕೆ ಏನಾಗಿತ್ತು ನಿಮಗೆ? ಒಂದೇ ಒಂದು ಮಾತು, ಭಾವ!"

ಆಗ ತಲೆ ಎತ್ತಿದರು. ಮುಖದಲ್ಲಿ ಕೋಪವೂ ಇರಲಿಲ್ಲ, ಅಳುಕೂ ಇರಲಿಲ್ಲ. "ಗೆರೆ ತಪ್ಪಿತ್ತೇನಮ್ಮ?" ಅಂದರು. "ಹೇಳು, ತಪ್ಪಿತ್ತಾ? ಸುಳ್ಳು ಗೆರೆ ಎಳೆದಾಗ ನೀವಿಬ್ಬರೂ ಒಂದು ದಿನ ಬಂದು ಕೇಳಲಿಲ್ಲ. ನಿಜ ಎಳೆದಾಗ ಜಗಳಕ್ಕೆ ಬಂದಿದ್ದೀಯಲ್ಲ."

ಯಾರ ಹತ್ತಿರ ಹೋಗಿ ಏನಂತ ದೂರು ಕೊಡಲಿ, ನಮ್ಮ ಭಾವ ಸತ್ಯ ಹೇಳಿದರು ಅಂತಲೇ? ಅಕ್ಕ ಲೋಟವನ್ನು ಮೇಜಿನ ಮೇಲಿಟ್ಟು ಒಳಗೆ ಹೋದಳು. ಆಮೇಲೆ ಅವಳು ನೇಲ್ ಪಾಲಿಶ್ ತರುವುದನ್ನು ನಿಲ್ಲಿಸಿದಳು. ಅವಳಿಂದ ಆದದ್ದು ಅಷ್ಟು.

ಅದರಿಂದ ಏನೂ ನಿಲ್ಲಲಿಲ್ಲ. ಈಗ ಪಾಲಿಶ್ ತರುವವರು ನನ್ನ ಗಂಡ. ಲೇತಿಗೆ ಎರಡು ಕೈ ಬೇಕು; ಅಲ್ಲಿ ಬೇರೆ ಆಳು ಬಂದಿದ್ದಾನೆ. ಭಾವ ತಮ್ಮನನ್ನು ಕೈಬಿಡಲಿಲ್ಲ ಅಂತ ಜನ ಕೊಂಡಾಡುತ್ತಾರೆ. ಶೆಡ್ಡಿನಲ್ಲಿ ಒಂದು ಸ್ಟೂಲು ಕೊಟ್ಟಿದ್ದಾರೆ, ಅದರ ಮೇಲಿನ ಗೋಡೆಗೆ ಆ ಮೀಟರನ್ನು ಮೊಳೆ ಹೊಡೆದು ತೂಗುಹಾಕಿದ್ದಾರೆ. ಮುಳ್ಳು ಇನ್ನೂ ಏಳೂವರೆಯಲ್ಲೇ ನಿಂತಿದೆ.

ಹೋದ ವಾರ ಒಬ್ಬ ಹೊಸ ಗಿರಾಕಿ ಬಂದಿದ್ದ. ಭಾವ ಗೆರೆ ಎಳೆಯುವುದನ್ನು ನೋಡಿ, "ಇನ್ನೊಂದು ಐನೂರು ಮೇಲೆ ಹೋದರೆ ಏನಾಗುತ್ತೆ ಮೇಸ್ತ್ರಿ?" ಅಂತ ಹಲ್ಲು ಕಿರಿದ. ಭಾವ ಸ್ಟೂಲಿನ ಕಡೆ ಗದ್ದ ಎತ್ತಿ ತೋರಿಸಿದರು ಅಷ್ಟೇ. ನನ್ನ ಗಂಡ ಎದ್ದು ನಿಂತು, ಎಡಗೈಯಿಂದ ಬಲಗಡೆಯ ಅಂಗಿಯ ತೋಳನ್ನು ಮೇಲಕ್ಕೆ ಮಡಚಿ ಗಿರಾಕಿಗೆ ತೋರಿಸಿದರು. "ನಮ್ಮಣ್ಣನ ಗೆರೆ ಅಂದ್ರೆ ಗೆರೆ ಸಾರ್," ಅಂದರು, ಹೆಮ್ಮೆಯಿಂದ. ಗಿರಾಕಿಯ ನಗು ಇಳಿಯಿತು.

"ಸೀಸೆ ಮುಚ್ಚೋ, ಒಣಗಿಹೋಗುತ್ತೆ," ಅಂದರು ಭಾವ.

ಇವರು ಸ್ಟೂಲಿನ ಮೇಲೆ ಕೂತು, ಸೀಸೆಯನ್ನು ಎರಡು ಮಂಡಿಯ ನಡುವೆ ಸಿಕ್ಕಿಸಿಕೊಂಡು, ಎಡಗೈಯಿಂದ ಮುಚ್ಚಳ ತಿರುಗಿಸಿದರು.